ಮನಸ್ಸಿಗೆ ಎರಡು ದಿನ ರಜೆ

ನರ್ಸುಗಳಿಗೂ ಮನಸ್ಸು ಎಂಬುದೊಂದಿದೆ ಎಂಬ ಸಂಗತಿ ನಮ್ಮ ಆಸ್ಪತ್ರೆಯ ಆಡಳಿತ ಮಂಡಳಿಗೆ ಕಳೆದ ತಿಂಗಳಷ್ಟೇ ಗೊತ್ತಾಯಿತು. ನನಗೂ ಅಷ್ಟು ಖಾತ್ರಿಯಿರಲಿಲ್ಲ ಬಿಡಿ. ಇಪ್ಪತ್ತೆರಡು ವರ್ಷಗಳಿಂದ ಭದ್ರಾವತಿಯ ಜನ್ನಾಪುರದಲ್ಲಿ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದು, ಊರ ಮಕ್ಕಳಿಗೆಲ್ಲ ಸೂಜಿ ಚುಚ್ಚಿ ಅವರ ಶಾಪ ಕಟ್ಟಿಕೊಂಡವಳು ನಾನು. ನನ್ನ ಬಿ.ಪಿ. ನೋಡಿಕೊಳ್ಳಲೇ ಪುರುಸೊತ್ತಾಗಿಲ್ಲ, ಇನ್ನು ಮನಸ್ಸನ್ನು ಯಾವಾಗ ನೋಡಿಕೊಳ್ಳಲಿ?

ಗೊತ್ತಾದ ಮೇಲೆ ಮಂಡಳಿ ತಡಮಾಡಲಿಲ್ಲ. ಇನ್ನೊಬ್ಬ ನರ್ಸನ್ನು ನೇಮಿಸುವ ಬದಲು, ಒಬ್ಬಳೇ ಇಬ್ಬರ ಕೆಲಸವನ್ನು ನಗುನಗುತ್ತ ಮಾಡುವುದು ಹೇಗೆಂದು ಕಲಿಸಲು ತರಬೇತುದಾರರೊಬ್ಬರನ್ನು ಕರೆಸಿತು. 'ಮನಃಸ್ಥೈರ್ಯ ಶಿಬಿರ'ವಂತೆ. ಸಮಯ ಬೆಳಿಗ್ಗೆ ಎಂಟೂವರೆ, ಅಂದರೆ ರಾತ್ರಿ ಪಾಳಿಯವರು ಮನೆಗೆ ಹೊರಡುವ ಹೊತ್ತು. "ಕಣ್ಣು ಮುಚ್ಚಿ, ಉಸಿರನ್ನೇ ಗಮನಿಸಿ" ಎಂದರು ತರಬೇತುದಾರರು. ಎರಡೇ ನಿಮಿಷದಲ್ಲಿ ಹಿಂದಿನ ಸಾಲು ಪೂರ್ತಿ ಸ್ತಬ್ಧ. "ಇಷ್ಟು ಬೇಗ ಧ್ಯಾನಕ್ಕೆ ಇಳಿದವರನ್ನು ನಾನು ನೋಡೇ ಇಲ್ಲ" ಎಂದು ಅವರು ಮೆಚ್ಚಿಕೊಳ್ಳುತ್ತಿದ್ದಾಗ, ಪಕ್ಕದಲ್ಲಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದ ನಮ್ಮ ಮಕ್ಕಳ ವಾರ್ಡಿನ ಸವಿತಾಳನ್ನು ನಾನು ಮೊಣಕೈಯಿಂದ ತಿವಿದೆ. ಕೊನೆಗೆ ಅವರು, "ದಣಿವಾದರೆ ಮುಚ್ಚಿಡಬೇಡಿ, ಬಾಯಿಬಿಟ್ಟು ಹೇಳಿ" ಎಂದರು. ಆ ವಾರ್ಡಿನ ಮುಖ್ಯ ನರ್ಸ್ ಎಂಬ ಠೀವಿಯಲ್ಲಿ ನಾನೂ ಎದ್ದು, "ನನ್ನ ಹತ್ರ ಯಾವಾಗ ಬೇಕಾದ್ರೂ ಹೇಳ್ಬಹುದು" ಎಂದೆ. ಚಪ್ಪಾಳೆ ಬಿತ್ತು.

ಇಂಥ ಮಾತನ್ನು ಯಾರೂ ನಂಬುವುದಿಲ್ಲ ಎಂಬ ಧೈರ್ಯದ ಮೇಲೇ ನಾವು ಆಡುವುದು. ಸವಿತಾ ನಂಬಿಬಿಟ್ಟಳು. ಹಿಂದಿನ ವಾರ ಅವಳ ಕೈಯಲ್ಲೇ ಒಂದು ಮಗು ಹೋಗಿತ್ತು. ಹತ್ತೇ ನಿಮಿಷಕ್ಕೆ ಅವಳನ್ನು ಪಕ್ಕದ ಹಾಸಿಗೆಗೆ ಡ್ರಿಪ್ ಹಾಕಲು ಕಳಿಸಿದವಳು ನಾನೇ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಶಿಬಿರದ ಮಾರನೆಯ ದಿನ ಅವಳು ರಜೆಚೀಟಿ ತಂದಿಟ್ಟಳು. ಕಾರಣದ ಜಾಗದಲ್ಲಿ 'ಮನಸ್ಸು ಸೋತಿದೆ, ಎರಡು ದಿನ ಬೇಕು' ಎಂದಿತ್ತು.

ನನಗೆ ದಿಗಿಲಾಯಿತು. "ಹಿಂಗೆಲ್ಲ ಬರೆದ್ರೆ ಮೇಲಿನೋರು ಸಹಿ ಹಾಕ್ತಾರಾ ಮಾರಾಯ್ತಿ? ಜ್ವರ ಅಂತ ಬರಿ. ನಾನು ಯಾವಾಗ್ಲೂ ಹಂಗೇ ಬರೆಯೋದು."

ಸವಿತಾ ಚೀಟಿ ಮುಟ್ಟಲಿಲ್ಲ. ನನ್ನ ಹಣೆಯ ಮೇಲೆ ಅಂಗೈಯಿಟ್ಟು ಕೇಳಿದಳು: "ಸಿಸ್ಟರ್, ನಿಮಗೆ ಎಷ್ಟು ವರ್ಷದಿಂದ ಜ್ವರ?"

ಅವಳ ಚೀಟಿಯನ್ನು ಇದ್ದ ಹಾಗೇ ಮೇಲಕ್ಕೆ ಒಯ್ದು, ಅರ್ಧ ಗಂಟೆ ಬೈಸಿಕೊಂಡು, ಸಹಿ ಹಾಕಿಸಿ ತಂದೆ. ಅದೇ ಉಮೇದಿನಲ್ಲಿ, ನಾನೂ ಒಂದು ದಿನ ರಜೆ ಹಾಕೋಣವೆಂದು ಹಾಳೆ ತೆಗೆದುಕೊಂಡೆ. ಹೆಸರು ಬರೆದೆ, ತಾರೀಖು ಬರೆದೆ. ಕಾರಣದ ಜಾಗಕ್ಕೆ ಬರುತ್ತಲೇ ಕೈ ತಾನಾಗಿಯೇ ಬರೆಯಿತು: ಜ್ವರ.