ಬೂಸ್ಟರಿಗಿಂತ ಬಿಸಿ

ಮಾರನಹಳ್ಳಿ ಹತ್ತಿರದ ಕಾಫಿ ಪುಡಿ ಫ್ಯಾಕ್ಟರಿಯಲ್ಲಿ ಹದಿನಾಲ್ಕು ವರ್ಷದಿಂದ ಫಿಟ್ಟರ್ ಆಗಿದ್ದ ಮೃತ್ಯುಂಜಯನ ಹೊಟ್ಟೆ ಉರಿಯಲು ಶುರುವಾದದ್ದು ದೀಪಶ್ರೀ ಕೆಲಸಕ್ಕೆ ಸೇರಿದ ದಿನ. ಐಟಿಐ ಮುಗಿಸಿ ಬಂದು ಆರು ತಿಂಗಳಾಗಿರಲಿಲ್ಲ, ಆಗಲೇ ಸಾಹುಕಾರ ಅಬ್ದುಲ್ ಮಜೀದ್ ಬಾಯಿ ತೆರೆದರೆ "ನಮ್ಮ ದೀಪಶ್ರೀ". ಈಗ ಸೂಪರ್‌ವೈಸರ್ ಕೆಲಸ ಬೇರೆ ಖಾಲಿ ಬಿದ್ದಿತ್ತು. ಯಾರಿಗೆ ಕೊಡುತ್ತೇನೆಂದು ಸಂಜೆ ಹೇಳುವುದಾಗಿ ಸಾಹುಕಾರರು ತಿಳಿಸಿದ್ದರು.

ಅವತ್ತೇ ಬೆಳಿಗ್ಗೆ ಎರಡು ವ್ಯಾಕ್ಯೂಮ್ ಬೂಸ್ಟರ್‌ಗಳಲ್ಲಿ ಒಂದು ಕೈಕೊಟ್ಟಿತು. ಕಾಫಿ ಒಣಗಿಸುವ ಪೆಟ್ಟಿಗೆಯೊಳಗಿನ ಗಾಳಿಯನ್ನು ಎಳೆದು ಹೊರಹಾಕುವ ಯಂತ್ರ ಅದು. ಎಳೆಯುವುದನ್ನು ಬಿಟ್ಟು ದೋಸೆ ಹೆಂಚಿನ ಹಾಗೆ ಕಾದು ಕೂತಿತ್ತು.

"ಅಣ್ಣ, ನಾನೂ ನೋಡ್ಲಾ?" ಎಂದಳು ದೀಪಶ್ರೀ.

"ನೀನು ಟೀ ಕುಡ್ಕೊಂಡು ಬಾರಮ್ಮ. ಇದು ಅನುಭವ ಇರೋರ ಕೆಲ್ಸ."

ಕಾಯುತ್ತಿದೆ ಎಂದರೆ ಆಯಿಲ್ ಕಮ್ಮಿ ಎಂದುಕೊಂಡು ಮೃತ್ಯುಂಜಯ ಒಂದು ಲೀಟರ್ ಸುರಿದ. ಅದು ಇನ್ನಷ್ಟು ಕಾದು ಹೊಗೆ ಬಿಟ್ಟಿತು. ಹೊಗೆ ಕಂಡು ಸ್ಟೋರಿನ ಚನ್ನಬಸವಯ್ಯ ಓಡಿ ಬಂದರು.

"ಬೆಲ್ಟ್ ಬಿಗಿ ಮಾಡು ಮಾರಾಯ. ನಮ್ಮೂರ ಹಿಟ್ಟಿನ ಗಿರಣೀಲಿ ಹಂಗೇ ಮಾಡೋದು."

ಬಿಗಿ ಮಾಡಿದ. ಬೂಸ್ಟರ್ ಕಿಟಾರನೆ ಕಿರುಚಿ ನಿಂತೇ ಹೋಯಿತು.

"ನಾನು ಇಷ್ಟೊಂದು ಬಿಗಿ ಅಂದಿರ್ಲಿಲ್ಲಪ್ಪ" ಎನ್ನುತ್ತ ಚನ್ನಬಸವಯ್ಯ ಸ್ಟೋರಿನ ಕಡೆ ಜಾರಿದರು.

ಮಧ್ಯಾಹ್ನದ ಹೊತ್ತಿಗೆ ಮೃತ್ಯುಂಜಯ ಎಣ್ಣೆಯಲ್ಲಿ ಮುಳುಗಿಸಿ ತೆಗೆದ ಬೋಂಡದಂತಾಗಿದ್ದ. ದೀಪಶ್ರೀ ಮೆಲ್ಲಗೆ ಕೇಳಿದಳು: "ಅಣ್ಣ, ಗಾಳಿ ಒಳಗೆ ಬರೋ ಕಡೆ ಜಾಲರಿ ನೋಡಿದ್ರಾ?"

"ಅದನ್ನ ನೋಡ್ದೆ ಇರ್ತೀನಾ?"

ನೋಡಿರಲಿಲ್ಲ. ಅವಳು ಊಟಕ್ಕೆ ಹೋದದ್ದೇ ತಡ, ಬಿಚ್ಚಿದ. ಜಾಲರಿಯ ತುಂಬ ಕಾಫಿ ಪುಡಿ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಇವಳಿಗೆ ಕೂತಲ್ಲೇ ಹೇಗೆ ಗೊತ್ತಾಯಿತು ಎಂದು ಹೊಟ್ಟೆ ಇನ್ನೊಮ್ಮೆ ಉರಿಯಿತು. ಕೆರೆದು ತೊಳೆದು, ಹೆಚ್ಚಾದ ಆಯಿಲ್ ಇಳಿಸಿ, ಬೆಲ್ಟ್ ಸಡಿಲಿಸಿ ಚಾಲೂ ಮಾಡಿದ. ಬೂಸ್ಟರ್ ಹಾಲು ಕುಡಿದ ಬೆಕ್ಕಿನಂತೆ ಗುರುಗುಟ್ಟಿತು.

ಸಂಜೆ ಸಾಹುಕಾರರು ಬಂದರು. "ಯಾರು ರಿಪೇರಿ ಮಾಡಿದ್ದು?"

"ನಾನೊಬ್ನೇ ಸಾಹುಕಾರ್ರೇ."

"ದೀಪಶ್ರೀ ಕೈಲಿ ಇದನ್ನ ನೋಡ್ಕೊಳ್ಳೋಕೆ ಆಗಲ್ವಾ?"

ಮೃತ್ಯುಂಜಯನಿಗೆ ಇಂಥ ಅವಕಾಶ ಇನ್ನೊಮ್ಮೆ ಸಿಗುವಂತಿರಲಿಲ್ಲ. "ಅವಳಿಗೆ ಸ್ಪ್ಯಾನರ್ ಹಿಡಿಯೋಕೂ ಬರಲ್ಲ. ನಿಂತ್ಕೊಂಡು ಅದು ನೋಡಿ, ಇದು ನೋಡಿ ಅನ್ನೋದಷ್ಟೇ. ನಾನಿಲ್ದಿದ್ರೆ ಈ ಮಷಿನ್ ಒಂದು ದಿನ ಓಡಲ್ಲ."

ಮಜೀದ್ ಜೇಬಿನಿಂದ ಒಂದು ಕಾಗದ ತೆಗೆದು ಹರಿದು ಎರಡು ತುಂಡು ಮಾಡಿದರು.

"ಹೇಳಿದ್ದು ಒಳ್ಳೇದಾಯ್ತು. ನಿನ್ನ ಸೂಪರ್‌ವೈಸರ್ ಮಾಡಿ, ಮಷಿನ್ ಅವಳಿಗೆ ಒಪ್ಪಿಸೋಣ ಅಂತಿದ್ದೆ. ಇನ್ನು ನೀನು ಮಷಿನ್ ಬಿಟ್ಟು ಕದಲ್ಬೇಡ. ಅದು ನೋಡಿ, ಇದು ನೋಡಿ ಅನ್ನೋಕೆ ಅವಳೇ ಇರ್ಲಿ."

ಮೃತ್ಯುಂಜಯ ಬುತ್ತಿ ಚೀಲ ಹೆಗಲಿಗೇರಿಸಿ ಗೇಟಿನ ಹತ್ತಿರ ಬರುವಷ್ಟರಲ್ಲಿ ಹೊಸ ಸೂಪರ್‌ವೈಸರ್ ಹಿಂದಿನಿಂದ ಕೂಗಿದಳು:

"ಅಣ್ಣ, ಹೊರಟ್ಬುಟ್ರಾ? ಎರಡನೇ ಬೂಸ್ಟರೂ ಕಾಯ್ತಾ ಐತೆ, ಒಸಿ ನೋಡ್ಬುಟ್ಟು ಹೋಗಿ!"