ಅತ್ತೆಯ ಒಗ್ಗರಣೆ ಡಬ್ಬಿ

ಒಗ್ಗರಣೆ ಡಬ್ಬಿಯ ನಡುವಿನ ಬಟ್ಟಲಲ್ಲಿ ಹತ್ತೊಂಬತ್ತು ಮಾತ್ರೆಗಳಿದ್ದವು. ಅದು ಗುರುವಾರ. ಸುತ್ತಲಿನ ಆರು ಬಟ್ಟಲು ಮಿಕ್ಕ ಆರು ದಿನ. ರಾಯರ ವಾರವಾದ್ದರಿಂದ ಗುರುವಾರಕ್ಕೆ ನಡುವಿನ ಪೀಠ. ಸಾಸಿವೆ, ಜೀರಿಗೆ ನೆಲೆ ಕಳೆದುಕೊಂಡು ಹಳೇ ಕಾಫಿ ಬಾಟಲಿಗಳಲ್ಲಿ ಸಂಸಾರ ಹೂಡಿದ್ದವು.

ಅಮೆರಿಕದ ಬೆರ್ರಿಯೆಸಾದಲ್ಲಿ ಮಗನ ಮನೆಯಲ್ಲಿರುವ ನನ್ನ ಸೋದರತ್ತೆಗೆ ಎಪ್ಪತ್ನಾಲ್ಕು. ಅವರಿಗೆ ಕಾಯಿಲೆ ಬರುವುದೇ ಅಸಾಧ್ಯ ಎಂದು ನನ್ನ ನಂಬಿಕೆಯಾಗಿತ್ತು. ಒಳಗೆ ಜಾಗ ಬೇಡವೇ? ಕ್ಯಾಲ್ಸಿಯಂ, ಕಬ್ಬಿಣ, ಸತು, ಮೆಗ್ನೀಸಿಯಂ! ನಮ್ಮೂರು ಧಾರವಾಡದಲ್ಲಿ ಇಷ್ಟು ಖನಿಜ ಒಂದೇ ಕಡೆ ಸಿಕ್ಕಿದ್ದರೆ ಸರ್ಕಾರ ಗಣಿ ತೋಡುತ್ತಿತ್ತು.

ಒಮ್ಮೆ ಯಾರೋ ಮೀನೆಣ್ಣೆಯ ಗುಳಿಗೆ ಕೊಟ್ಟರು. ಮಡಿಯ ಅತ್ತೆ ಏನು ಮಾಡುತ್ತಾರೆಂದು ಕುತೂಹಲದಿಂದ ಕಾದೆ. ದಿನಕ್ಕೊಂದರಂತೆ ಗುಲಾಬಿ ಗಿಡದ ಬುಡಕ್ಕೆ ಹಾಕಿದರು.

"ಕೊಟ್ಟವರ ಮನಸ್ಸೂ ನೋಯಬಾರದು, ನನ್ನ ಮಡಿನೂ ಕೆಡಬಾರದು. ಹೂ ಎಷ್ಟ ಚಲೋ ಬಂದಾವ ನೋಡು."

ಇನ್ನು ನನ್ನ ಪಾಲು. ನಾನಿರುವುದು ಅಲ್ಲಿಂದ ರೈಲಿನಲ್ಲಿ ಒಂದು ಗಂಟೆ ದೂರದ ಬರ್ಕ್ಲಿಯಲ್ಲಿ. ಹೋದಾಗಲೆಲ್ಲ ಅತ್ತೆ ಡಬ್ಬಿ ತುಂಬ ಚಟ್ನಿಪುಡಿ ಕೊಡುತ್ತಾರೆ. ಡಬ್ಬಿಯನ್ನು ಖಾಲಿ ಮರಳಿಸಬಾರದಲ್ಲ? ಒಂದು ಹಿಡಿ ಸಕ್ಕರೆ ಹಾಕೋಣವೆಂದರೆ ವಯಸ್ಸಾದವರು. ಹಾಗಾಗಿ ವಿಟಮಿನ್ ಬಾಟಲಿಯೊಂದನ್ನು ಅದರೊಳಗಿಟ್ಟು ಕೊಡುತ್ತಿದ್ದೆ. ಬಹಳ ಜಾಣತನವೆಂದುಕೊಂಡಿದ್ದೆ.

ಕಳೆದ ತಿಂಗಳು ಅತ್ತೆಗೆ ಸುಸ್ತು, ತೀರದ ಬಾಯಾರಿಕೆ. ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಾಗಿದೆ, ಹೀಗೇ ಬಿಟ್ಟರೆ ಕಿಡ್ನಿಗೆ ಪೆಟ್ಟು, ನುಂಗುವುದನ್ನೆಲ್ಲ ತಂದು ತೋರಿಸಿ ಎಂದರು ಡಾಕ್ಟರು. ಮಗನಿಗೆ ಮೀಟಿಂಗು, ಕರೆದುಕೊಂಡು ಹೋದವಳು ನಾನು. ತರಕಾರಿ ಚೀಲದಿಂದ ಹತ್ತೊಂಬತ್ತು ಬಾಟಲಿಗಳು ಇಳಿದವು. ಮೂರರಲ್ಲಿ ಅದೇ ಕ್ಯಾಲ್ಸಿಯಂ. ಡಾಕ್ಟರು ಬಿ-ಟ್ವೆಲ್ವ್ ಒಂದನ್ನು ಉಳಿಸಿ ಹದಿನೆಂಟನ್ನು ಪಕ್ಕಕ್ಕೆ ಸರಿಸಿದರು. ಉಳಿದದ್ದು ಅವರೇ ಬರೆದುಕೊಟ್ಟದ್ದು.

ಮನೆಗೆ ಬಂದು ಅತ್ತೆ ಆ ಹದಿನೆಂಟು ಬಾಟಲಿಗಳನ್ನು ತಲೆಕೆಳಗಾಗಿಸಿ ಸಾಲಾಗಿ ನಿಲ್ಲಿಸಿದರು. ಸ್ಟೀಲ್ ಪಾತ್ರೆಯ ಮೇಲೆ ಕೊಟ್ಟವರ ಹೆಸರು ಕೊರೆಸುತ್ತೇವಲ್ಲ, ಹಾಗೆ ಪ್ರತಿ ಬಾಟಲಿಯ ತಳದಲ್ಲೂ ಪೆನ್ನಿನಿಂದ ಬರೆದ ಒಂದು ಹೆಸರು. ಹನ್ನೊಂದರ ಮೇಲೆ ನನ್ನದು. ಮೂರು ಕ್ಯಾಲ್ಸಿಯಂ ಬಾಟಲಿಗಳ ಮೇಲೂ ನನ್ನದೇ.

"ಎಲ್ಲಾನೂ ಯಾಕೆ ನುಂಗಿದ್ರಿ ಅತ್ತೆ? ಗುಲಾಬಿಗೆ ಹಾಕಬಹುದಿತ್ತಲ್ಲ?"

"ನಿಂದು ಗಿಡಕ್ಕ ಹೆಂಗ ಹಾಕ್ಲಿ? ನೀ ಮಾತಾಡೋ ಪೈಕಿ ಅಲ್ಲ. ಬರ್ತಿ, ಡಬ್ಬಿ ಇಡ್ತಿ, ಹೊಂಟ ಹೋಗ್ತಿ. ಗುಳಿಗಿ ನುಂಗೋ ಹೊತ್ತಿನಾಗರೆ ನೀ ಬಾಜೂ ಕೂತಂಗ ಆಗ್ತದ."

ಎಂದಿನಂತೆ ಚಟ್ನಿಪುಡಿ ತೆಗೆದುಕೊಂಡು ಹೊರಟೆ.

ಮರುದಿನ ಬೆಳಿಗ್ಗೆ ಚಟ್ನಿಪುಡಿಯನ್ನು ಬಾಟಲಿಗೆ ಸುರಿದು, ಖಾಲಿ ಡಬ್ಬಿ ಹಿಡಿದು ಮೊದಲ ರೈಲು ಹತ್ತಿದೆ. ಅತ್ತೆಯ ಒಗ್ಗರಣೆ ಡಬ್ಬಿಯನ್ನು ತೊಳೆದು ಒರೆಸಿ, ನಡುವಿನ ಬಟ್ಟಲಿಗೆ ಸಾಸಿವೆ ತುಂಬಿದೆ. ಅವಲಕ್ಕಿಗೆ ಒಗ್ಗರಣೆ ಹಾಕಿ, ಎರಡು ತಟ್ಟೆ ತಂದು, ಅವರ ಬಾಜೂ ಕೂತೆ.