ಇಲ್ಲಿ ಸುಮ್ಮನೆ ಕೂರಬಾರದು

ಕೋಪ ಬಂದರೆ ಕೆಲವರು ತಟ್ಟೆ ಎಸೆಯುತ್ತಾರೆ, ಕೆಲವರು ಊಟ ಬಿಡುತ್ತಾರೆ. ನಾನು ಅರ್ಜಿ ಬರೆಯುತ್ತೇನೆ. ಇದು ತಾತನಿಂದ ಬಂದ ಚಟ. ಊರಿನವರ ಮನವಿ, ತಕರಾರು, ಲಗ್ನಪತ್ರಿಕೆ ಎಲ್ಲವನ್ನೂ ಬರೆದುಕೊಡುತ್ತಿದ್ದ ಅವರು ನನಗೆ ಅಕ್ಷರ ತಿದ್ದಿಸುವಾಗಲೇ, “ಬೈಯೋದಾದ್ರೂ ಒತ್ತಕ್ಷರ ತಪ್ಪದಂಗೆ ಬೈಬೇಕು ಕಣೋ” ಎಂದು ಹೇಳಿಕೊಟ್ಟಿದ್ದರು. ಹಾಗಾಗಿ ನನ್ನ ಕೋಪಕ್ಕೆ ಒಳ್ಳೆಯ ಹೆಸರಿದೆ, ಬೆಲೆಯಿಲ್ಲ. ಓದಿದವರು “ಎಷ್ಟು ಚೆನ್ನಾಗಿ ಬರ್ದಿದೀರಾ ಸರ್” ಎಂದು ಮೆಚ್ಚಿ ಫೈಲಿನೊಳಗೆ ಇಟ್ಟುಬಿಡುತ್ತಾರೆ. ಈ ಬೇಸಿಗೆಯಲ್ಲಿ ಮಾತ್ರ ಯಾವ ಅರ್ಜಿಗೂ ಹಿಡಿಸದಷ್ಟು ಕೋಪ ಬಂದಿದೆ. ಅದೂ ಒಂದೇ ಒಂದು ಪದದ ಮೇಲೆ.

ನಾವಿರುವುದು ಕೋಗಿಲು ದಾಟಿ ಇನ್ನಷ್ಟು ಒಳಕ್ಕೆ, ಕೆರೆಯ ಪಕ್ಕದ ಹಳ್ಳಿಯಲ್ಲಿ. ತೆರಿಗೆ ಕಟ್ಟುವಾಗ ಅದು ಬೆಂಗಳೂರು, ನಲ್ಲಿಯಲ್ಲಿ ನೀರು ಕೇಳುವಾಗ ಹಳ್ಳಿ. ನನ್ನ ತಾಯಿಯ ಅಕ್ಕ, ಎಂಬತ್ತು ದಾಟಿದ ದೊಡ್ಡಮ್ಮ, ನಮ್ಮ ಜೊತೆಗಿದ್ದಾರೆ. ಮೊದಲು ಇಲ್ಲಿಯ ಮಧ್ಯಾಹ್ನಕ್ಕೆ ಫ್ಯಾನು ಬೇಕಿರಲಿಲ್ಲ, ಕೆರೆಯ ಕಡೆಯಿಂದ ಗಾಳಿ ಬರುತ್ತಿತ್ತು. ಈಗ ಕೆರೆಗೂ ನಮಗೂ ನಡುವೆ ಮೈತುಂಬ ಗಾಜು ಹೊದ್ದ ಕಟ್ಟಡವೊಂದು ಎದ್ದಿದೆ. ಅದರ ಜಾಹೀರಾತಿನ ತುಂಬ ಕೆರೆಯ ನೋಟ, ಕೆರೆಯ ಗಾಳಿ. ಸುಳ್ಳಲ್ಲ, ಎರಡೂ ನಮ್ಮ ಕಿಟಕಿಯಿಂದ ಕಿತ್ತುಕೊಂಡವೇ. ಬದಲಿಗೆ ಅದು ನಮಗೆ ಬಿಸಿಲನ್ನು ಕಳಿಸುತ್ತದೆ. ಹನ್ನೊಂದರಿಂದ ನಾಲ್ಕರವರೆಗೆ ನಮ್ಮ ಮನೆಗೆ ಇಬ್ಬರು ಸೂರ್ಯರು, ಒಬ್ಬ ತಾರಸಿಯ ಮೇಲೆ, ಇನ್ನೊಬ್ಬ ನಡುಮನೆಯ ಕಿಟಕಿಯಲ್ಲಿ. ಆ ಹೊತ್ತಿನಲ್ಲಿ ದೊಡ್ಡಮ್ಮನಿಗೆ ಉಸಿರು ಕಟ್ಟುತ್ತದೆ. ತಂಪಾದ ಕಡೆ ಕೂರಿಸಿ ಎಂದರು ಡಾಕ್ಟರು. ಇಡೀ ಊರಿನಲ್ಲಿ ಅಂಥ ಜಾಗ ಉಳಿದಿರುವುದು ಒಂದೇ, ಕೆರೆ ಏರಿಯ ಮೇಲಿನ ಹೊಂಗೆ ಮರದ ಕಟ್ಟೆ.

ಆ ಕೆರೆಯನ್ನು ಈಚೆಗೆ ಅಭಿವೃದ್ಧಿ ಮಾಡಿದ್ದಾರೆ. ಸುತ್ತ ಬೇಲಿ, ನಡೆಯಲು ಒಂದು ದಾರಿ, ಓಡಲು ಇನ್ನೊಂದು, ವ್ಯಾಯಾಮದ ಕಬ್ಬಿಣದ ಯಂತ್ರಗಳು, ಆ ಗಾಜಿನ ಕಟ್ಟಡದವರದೇ ಒಂದು ಸಮಿತಿ. ನೀರು ಬರುವ ಕಾಲುವೆಯೊಂದನ್ನು ಬಿಟ್ಟು ಕೆರೆಗೆ ಬೇಕಾದದ್ದೆಲ್ಲ ಇದೆ. ಸಮಿತಿಯ ಸೆಕ್ರೆಟರಿ ಒಂದು ದಿನ ಇಂಗ್ಲಿಷ್ ನಿಯಮಗಳ ಹಾಳೆ ಹಿಡಿದು ಬಂದು, “ನಿಮ್ ಕನ್ನಡ ಸೂಪರ್ ಅಂತ ಕೇಳಿದೀನಿ ಸರ್, ಬೋರ್ಡಿಗೆ ಸ್ವಲ್ಪ ಮಾಡ್ಕೊಡಿ” ಎಂದರು. ಹೊಗಳಿಕೆಗೆ ನಾನು ಬೇಗ ಕರಗುತ್ತೇನೆ. ಹಾಳೆಯಲ್ಲಿ ‘ಲಾಯ್ಟರಿಂಗ್’ ಕೂಡದು ಎಂದಿತ್ತು. ನಿಘಂಟು ‘ಅಡ್ಡಾಡುವುದು’ ಎಂದಿತು. ಅಡ್ಡಾಡಲೆಂದೇ ಮಾಡಿದ ಜಾಗದಲ್ಲಿ ಅಡ್ಡಾಡಬೇಡಿ ಎನ್ನಲಾದೀತೇ? ಎರಡು ದಿನ ತಲೆ ಕೆಡಿಸಿಕೊಂಡು, ತಾತನನ್ನು ನೆನೆದು, ಅಚ್ಚ ಕನ್ನಡದಲ್ಲಿ ಬರೆದುಕೊಟ್ಟೆ: ‘ಇಲ್ಲಿ ಸುಮ್ಮನೆ ಕೂರಬಾರದು.’ ಹಸಿರು ತಗಡಿನ ಮೇಲೆ ಬಿಳಿ ಅಕ್ಷರಗಳಲ್ಲಿ ಅದು ಮೂಡಿದ ದಿನ ಫೋಟೊ ತೆಗೆದು ಬ್ಯಾಟರಾಯನಪುರದ ಷಡ್ಡಕನಿಗೂ ಕಳಿಸಿದೆ.

ಮಾರನೆಯ ವಾರವೇ ಕೆರೆಯ ಕಾವಲುಗಾರ ಬಸಪ್ಪ, ಹೊಂಗೆ ಕಟ್ಟೆಯ ಮೇಲೆ ಕೂತಿದ್ದ ದೊಡ್ಡಮ್ಮನ ಮುಂದೆ ಬಂದು ನಿಂತನಂತೆ. ವಿಜಯಪುರದ ಕಡೆಯವನು, ಸಭ್ಯ, ಅಕ್ಷರಕ್ಕೆ ಅಕ್ಷರ ನಡೆಯುವ ಮನುಷ್ಯ.

“ಯವ್ವಾ, ಇಲ್ಲೆ ಸುಮ್ನ ಕುಂದ್ರಂಗಿಲ್ರಿ. ಬೋರ್ಡ್‌ನ್ಯಾಗ ಬರದಾರ.”

“ಸುಮ್ಕೆ ಯಾಕಪ್ಪ ಕೂತೀನಿ, ನೆಳ್ಳಿಗೆ ಕೂತಿವ್ನಿ.”

“ನೆಳ್ಳಿಗೆ ಕುಂತ್ರೂ ಸುಮ್ನ ಕುಂತಂಗ ಆತಲ್ರಿ. ಏನರ ಕೆಲಸ ಮಾಡ್ರಿ.”

ಮರುದಿನ ದೊಡ್ಡಮ್ಮ ಮೊರದಲ್ಲಿ ಹುಣಸೆಹಣ್ಣು ಒಯ್ದು ಬೀಜ ಬಿಡಿಸುತ್ತ ಕೂತರು. ಅದನ್ನು ಕಂಡ ಸೆಕ್ರೆಟರಿ, ಇಲ್ಲಿ ವ್ಯಾಪಾರ ಮಾಡುವಂತಿಲ್ಲ ಎಂಬ ಇನ್ನೊಂದು ನಿಯಮ ತೋರಿಸಿದರು. ಅದರ ಕನ್ನಡವೂ ನನ್ನದೇ. ಕೊನೆಗೆ ಬಸಪ್ಪನೇ ಕನಿಕರದಿಂದ ಒಂದು ಉಪಾಯ ಮಾಡಿದ. ವ್ಯಾಯಾಮದ ಯಂತ್ರದ ಮೇಲೆ ಎಷ್ಟು ಹೊತ್ತಾದರೂ ಕೂರಬಹುದು, ಕಾಲು ಆಡಿಸುತ್ತಿದ್ದರೆ ಸಾಕು. ಯಂತ್ರವಿರುವುದು ಬಟಾಬಯಲಿನಲ್ಲಿ, ಸೀಟು ಕಬ್ಬಿಣದ್ದು. ರೊಟ್ಟಿ ಬೇಯುವಷ್ಟು ಕಾದಿದ್ದ ಅದರ ಮೇಲೆ, ಎಂಬತ್ತು ದಾಟಿದ ಹೆಂಗಸು, ಸೀರೆ ಸೆರಗು ತಲೆಗೆ ಹೊದ್ದು, ಉಸಿರಾಡುವ ಹಕ್ಕಿಗಾಗಿ ಕಾಲು ಆಡಿಸುತ್ತ ಕೂತಿದ್ದರು. ಎದ್ದು ಬರುವಾಗ ತಲೆಸುತ್ತಿ ಬೇಲಿ ಹಿಡಿದುಕೊಂಡರಂತೆ. ಮನೆಗೆ ಬಂದು ನೀರು ಕುಡಿದು, “ಕೆರೆ ನಮ್ದೇ ಆಗಿದ್ದಾಗ ಇಂಗೆ ಕಸರತ್ತು ಮಾಡಿರ್ಲಿಲ್ಲ ಕಣಪ್ಪ” ಎಂದಷ್ಟೇ ಹೇಳಿದರು.

ಅವತ್ತು ನನಗೆ ಬಂದದ್ದು ಕೋಪವಲ್ಲ, ಬೆಂಕಿ. ಆ ಕೆರೆಯ ಹೂಳನ್ನು ಬುಟ್ಟಿಯಲ್ಲಿ ಹೊತ್ತ ಮನೆತನದವರು ದೊಡ್ಡಮ್ಮ. ನಿನ್ನೆ ಮೊನ್ನೆ ಬಾಲ್ಕನಿ ಕೊಂಡವರು ಅಂಥವರಿಗೆ ನೆರಳು ಅಳೆದು ಕೊಡುವುದೇ? ಬೆಳಗ್ಗೆ ಆರಕ್ಕೆ ಕಿವಿಗೆ ಹಾಡು ಸಿಕ್ಕಿಸಿಕೊಂಡು ಕೈ ಬೀಸುತ್ತ ನಡೆದರೆ ಅದು ಆರೋಗ್ಯ, ಮಧ್ಯಾಹ್ನ ಉಸಿರಿಗಾಗಿ ಕೂತರೆ ಅಪರಾಧವೇ? ಇದೆಲ್ಲವನ್ನೂ ಒತ್ತಕ್ಷರ ಸಮೇತ ಸೆಕ್ರೆಟರಿಯ ಮುಖಕ್ಕೆ ಹೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು.

“ಸರ್, ಇಂಗ್ಲಿಷಲ್ಲಿ ಕೂರೋ ವಿಷ್ಯಾನೇ ಇಲ್ವಲ್ಲ. ಅಜ್ಜಿ ಆರಾಮಾಗ್ ಕೂರ್ಬೋದಿತ್ತು. ಕೂರ್ಬಾರ್ದು ಅಂತ ಹಾಕಿರೋರು ನೀವು.”

ಅವರೇ ಬಣ್ಣದ ಡಬ್ಬಿ, ಕುಂಚ ತರಿಸಿಕೊಟ್ಟು, “ನೀವೇ ತಿದ್ದಿಬಿಡಿ ಸರ್. ಆದ್ರೆ ‘ಬಾರದು’ ಅನ್ನೋದು ಇರ್ಲಿ, ನಿಯಮದ ಬೋರ್ಡಲ್ವಾ” ಎಂದರು.

ಮರುದಿನ ಹನ್ನೊಂದಕ್ಕೆ ದೊಡ್ಡಮ್ಮನನ್ನೂ ಕರೆದುಕೊಂಡು ಹೋಗಿ ‘ಸುಮ್ಮನೆ’ಯ ಮೇಲೆ ಹಸಿರು ಬಳಿದೆ. ‘ಇಲ್ಲಿ ಕೂರಬಾರದು’ ಎಂದು ಉಳಿಯಿತು. ಬಸಪ್ಪ ಅದನ್ನು ಓದಿ ತನ್ನ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ನಿಂತುಬಿಟ್ಟ. ಗಾಬರಿಯಾಗಿ ಪೂರ್ತಿ ಸಾಲನ್ನೇ ಅಳಿಸಿದೆ. ‘ಬಹಳ ಹೊತ್ತು ಕೂರಬಾರದು’ ಎನ್ನೋಣವೆಂದರೆ ದೊಡ್ಡಮ್ಮನಿಗೆ ಐದು ಗಂಟೆ ಬೇಕು. ‘ವಿನಾಕಾರಣ’ ಎಂದರೆ ಬಸಪ್ಪ ಕಾರಣ ಕೇಳುತ್ತಾನೆ. ‘ಬಾರದು’ ಇದ್ದೂ ನಮ್ಮ ಮುದುಕಿಯನ್ನು ಎಬ್ಬಿಸದ ಒಂದು ವಾಕ್ಯವನ್ನು ಕನ್ನಡದಲ್ಲಿ ಹುಡುಕುತ್ತ, ಕುಂಚ ಹಿಡಿದು, ನೆತ್ತಿ ಸುಡುವ ಬಿಸಿಲಿನಲ್ಲಿ ನಿಂತೆ. ಬಸಪ್ಪ ಕುರ್ಚಿಗೆ ಮರಳಿ, ಕಟ್ಟೆಯ ಕಡೆಗೆ ಕೈ ತೋರಿಸಿದ.

“ಬೋರ್ಡ್ ಬರದು ಮುಗಿಯೂತನಕ ಏನೂ ನೇಮ ಇಲ್ರಿ. ಯವ್ವ ಆರಾಮ ಕುಂದರ್ಲಿ.”

ಮೂರು ವಾರವಾಯಿತು. ದಿನವೂ ಹನ್ನೊಂದಕ್ಕೆ ಹೋಗುತ್ತೇನೆ, ಒಂದು ಅಕ್ಷರ ಬರೆಯುತ್ತೇನೆ, ಅಳಿಸುತ್ತೇನೆ. ಮುಖ ಹಂಚಿನ ಹಾಗಾಗಿದೆ. ಇಷ್ಟು ಕನ್ನಡ ಬಲ್ಲವರಿಗೆ ಒಂದು ಸಾಲಿಗೆ ಇಷ್ಟು ದಿನವೇ ಎಂದು ನಡಿಗೆಯವರು ನಗುತ್ತಾರೆ. ನಿನ್ನೆ ಮೂರು ಗಂಟೆಗೆ ಕಾಲು ಸೋತು, ಸಾಕು ಇವತ್ತಿಗೆ ಎಂದು ಡಬ್ಬಿಯ ಮುಚ್ಚಳ ಹಾಕುತ್ತಿದ್ದೆ. ಎಂದೂ ಶಾಲೆಯ ಮೆಟ್ಟಿಲು ಹತ್ತದ, ಒಂದಕ್ಷರ ಓದಲು ಬಾರದ ದೊಡ್ಡಮ್ಮ ಹೊಂಗೆಯ ನೆರಳಿನಿಂದಲೇ ಕೂಗಿದರು:

“ಆ ಕೊನೇ ಅಕ್ಸರ ಸೊಟ್ಟಗೈತೆ ಕಣ್ಲಾ, ಅಳಿಸಿ ಬರಿ. ಬಿಸ್ಲು ಇಳಿಯಾಕೆ ಇನ್ನೂ ಒತ್ತೈತೆ.”